ಆನ್‌ಲೈನ್ ಗಮಕ ಕಾರ್ಯಾಗಾರಕ್ಕೆ ಸೇರಿ, ರೆಕಾರ್ಡಿಂಗ್ ನೋಡಿಕೊಂಡೇ ಕಲಿಯಬಹುದಾ?

ಆಫೀಸು ಮುಗಿಸಿ ರಾತ್ರಿ ರೆಕಾರ್ಡಿಂಗ್ ನೋಡುತ್ತೇನೆ ಅಂದಿದ್ದೀರಿ. 2020ರಲ್ಲಿ ನಾನೂ ಹಾಗೇ ಶುರು ಮಾಡಿದ್ದು.

ಲಾಕ್‌ಡೌನ್ ಸಮಯ. ವಾರಕ್ಕೆರಡು ದಿನ ಜೂಮ್‌ನಲ್ಲಿ ಗಮಕ ಕ್ಲಾಸ್, ಅಂದರೆ ಕಾವ್ಯವನ್ನು ರಾಗವಾಗಿ, ಅರ್ಥ ತಿಳಿಯುವಂತೆ ಓದುವ ಕಲೆ. ನೂರಕ್ಕೂ ಜಾಸ್ತಿ ಜನ. ಎಲ್ಲರೂ ಒಟ್ಟಿಗೆ ಹೇಳಿದರೆ ದನಿಗಳು ಹಿಂದೆಮುಂದೆ ಆಗುತ್ತವೆ. ಅದಕ್ಕೇ ಎಲ್ಲರಿಗೂ ಮ್ಯೂಟ್. ನನಗೆ ಅದೇ ಅನುಕೂಲ ಅನಿಸಿತು. ಕ್ಲಾಸಿನ ಹೊತ್ತಿಗೆ ಬರುವುದನ್ನೂ ಬಿಟ್ಟೆ. ಒಲೆ ಮುಂದೆ ನಿಂತು ರೆಕಾರ್ಡಿಂಗ್ ಹಾಕುವುದು, ರಾಗ ಹಿಡಿಯುವುದು, ಅರ್ಥ ಹೇಳುವ ಭಾಗ ಬಂದರೆ ಮುಂದಕ್ಕೆ ಓಡಿಸುವುದು. ಆಮೇಲೆ ಪಿಡಿಎಫ್ ನೋಡಿಕೊಂಡು ಒಬ್ಬಳೇ ಹೇಳಿಕೊಳ್ಳುವುದು. ಆರು ತಿಂಗಳು ಹೀಗೇ ನಡೆಯಿತು.

ಮುಂದಿನ ವರ್ಷ ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವದಲ್ಲಿ ಕುಮಾರವ್ಯಾಸ ಭಾರತದ ಮೊದಲ ಪದ್ಯ ವಾಚನ ಮಾಡಿದೆ. ಚಪ್ಪಾಳೆ ಬಿತ್ತು. ಕೆಳಗಿಳಿದಾಗ ನಿವೃತ್ತ ಮೇಷ್ಟ್ರೊಬ್ಬರು ಹತ್ತಿರ ಕರೆದು, 'ಕಂಠ ಚೆನ್ನಾಗಿದೆ ತಾಯಿ. ಜೀವಪೀಠ ಅಂದ್ರೆ ಏನಮ್ಮಾ?' ಅಂತ ಮೆಲ್ಲಗೆ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಪುಸ್ತಕದಲ್ಲಿ ಆ ಪದ್ಯ ಹೀಗಿದೆ:

ಶ್ರೀವನಿತೆಯರಸನೆ ವಿಮಲ ರಾ
ಜೀವ ಪೀಠನ ಪಿತನೆ ಜಗಕತಿ
ಪಾವನನೆ...

ನಾನು 'ವಿಮಲ ರಾ' ಅಂತ ಎಳೆದು ನಿಲ್ಲಿಸಿ, ಉಸಿರು ತೆಗೆದುಕೊಂಡು 'ಜೀವ ಪೀಠನ' ಅಂತ ಎತ್ತಿದ್ದೆ. ಅದು 'ರಾಜೀವ ಪೀಠನ ಪಿತ'. ತಾವರೆಯ ಮೇಲೆ ಕೂತ ಬ್ರಹ್ಮ, ಅವನ ತಂದೆ ವಿಷ್ಣು. ಈ ಪದ್ಯ ಭಾಮಿನಿ ಷಟ್ಪದಿ, ಆರು ಸಾಲಿನ ಛಂದಸ್ಸು. ಅದರ ಸಣ್ಣ ಸಾಲಿಗೆ 14 ಮಾತ್ರೆ (ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು ಒಂದು ಮಾತ್ರೆ). ಅಷ್ಟು ತುಂಬಿತು ಅಂದರೆ ಪದ ಅರ್ಧದಲ್ಲಿದ್ದರೂ ಸಾಲು ಮುಗಿಯುತ್ತದೆ. ಜೊತೆಗೆ ಪ್ರಾಸ ನೋಡಿ: ಶ್ರೀವ, ಜೀವ, ಪಾವ. ಮುಂದೆ ರಾವ, ಧಾವಿ, ಕಾವು. ಆರೂ ಸಾಲಿನ ಎರಡನೇ ಅಕ್ಷರ ವಕಾರವೇ. ಅದಕ್ಕೇ ಮುಂದೆ ಬರುವ 'ಸುಧಾ' ಅನ್ನುವ ಪದ ಕೂಡ ಒಡೆದು, 'ಸು' ನಾಲ್ಕನೇ ಸಾಲಿನಲ್ಲಿ, 'ಧಾ' ಐದನೆಯದರಲ್ಲಿ. ಸಾಲು ಮುರಿಯುವುದು ಛಂದಸ್ಸಿಗಾಗಿ. ಗಮಕಿ ನಿಲ್ಲಿಸಬೇಕಾದ್ದು ಅರ್ಥ ನೋಡಿಕೊಂಡು. ಗಮಕದ ಜೀವವೇ ಈ ಪದವಿಭಾಗ, ಅಂದರೆ ಅರ್ಥಕ್ಕೆ ತಕ್ಕಂತೆ ಪದ ಬಿಡಿಸಿ ಹೇಳುವುದು. ನಾನು ಓಡಿಸಿದ ಭಾಗದಲ್ಲಿ ಗುರುಗಳು ಇದನ್ನೇ ಬಿಡಿಸಿ ಹೇಳಿದ್ದರು. ಆಮೇಲೆ ಹುಡುಕಿ ಕೇಳಿದೆ, ತುಂಬಾ ಸಂಕಟವಾಯಿತು.

ಒಂದು ಸಲವಾದರೂ ಮೈಕ್ ಆನ್ ಮಾಡಿ ಹೇಳಿದ್ದರೆ ಗುರುಗಳು ಅವತ್ತೇ ತಿದ್ದುತ್ತಿದ್ದರು. ಮಾಡಲಿಲ್ಲ. ಕಲಿತ ನಲವತ್ತು ಪದ್ಯಗಳಲ್ಲೂ ಸಾಲಿನ ಕೊನೆಗೆ ನಿಲ್ಲುವ ಅಭ್ಯಾಸ ನಾಲಿಗೆಗೆ ಕೂತುಬಿಟ್ಟಿತ್ತು. ಬಿಡಿಸಿಕೊಳ್ಳಲು ಒಂದು ವರ್ಷಕ್ಕೂ ಜಾಸ್ತಿ ಹಿಡಿಯಿತು. ಹೊಸದಾಗಿ ಕಲಿಯುವುದು ಅದಕ್ಕಿಂತ ಎಷ್ಟೋ ಸುಲಭ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಫ್ರೀನಾ, ದುಡ್ಡು ಕೊಡಬೇಕಾ, ರೆಕಾರ್ಡಿಂಗ್ ಎಷ್ಟು ದಿನ ಇರುತ್ತೆ, ಸರ್ಟಿಫಿಕೇಟ್ ಕೊಡುತ್ತಾರಾ, ಇವೆಲ್ಲ ಬಿಡಿ. ನಿಮ್ಮ ದನಿಯನ್ನು ಯಾರಾದರೂ ಕೇಳುತ್ತಾರಾ? ಅದೊಂದನ್ನು ವಿಚಾರಿಸಿ. ವೇದಾಂತದ ಉಪನ್ಯಾಸ ಆದರೆ ರಾತ್ರಿ ಮಲಗಿಕೊಂಡು ಕೇಳಿದರೂ ನಡೆಯುತ್ತದೆ. ಬಾಯಲ್ಲಿ, ಕೈಯಲ್ಲಿ ಬರಬೇಕಾದ ವಿದ್ಯೆಗೆ ತಿದ್ದುವವರು ಬೇಕೇ ಬೇಕು.

ನಾನೀಗ ಎಂಟು ಜನರ ಬ್ಯಾಚಿನಲ್ಲಿದ್ದೇನೆ, ಅದೂ ಆನ್‌ಲೈನೇ. ಒಬ್ಬೊಬ್ಬರಾಗಿ ಹೇಳಬೇಕು. ಇನ್ನೊಂದು ವಿಷಯ, ಜೂಮ್‌ನಲ್ಲಿ 'ಒರಿಜಿನಲ್ ಸೌಂಡ್' ಆನ್ ಮಾಡಿ. ಇಲ್ಲದಿದ್ದರೆ ಹಿನ್ನೆಲೆಯ ಶ್ರುತಿಯ ನಾದವನ್ನು ಜೂಮ್ ಗದ್ದಲ ಅಂದುಕೊಂಡು ಅಳಿಸಿಬಿಡಬಹುದು. ಮೊದಲ ದಿನವೇ ಮೈಕ್ ಆನ್ ಮಾಡಿ ಒಂದು ಪದ್ಯ ಹೇಳಿ. ಗುರುಗಳು ಎಲ್ಲಾದರೂ ತಡೆದು ನಿಲ್ಲಿಸಿದರೆ ಆ ಕ್ಲಾಸಿಗೆ ದುಡ್ಡು ಕಟ್ಟಿ.