ಬೆಳ್ಳಕ್ಕಿಗೆ ಭಾನುವಾರ ಗೊತ್ತಿಲ್ಲ

ಪ್ರಶ್ನೆ: ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಉಡುಪಿ ಬಳಿ ಹೊಳೆ ಕಡಲು ಸೇರುವ ಕೋಡಿ ಬೆಂಗ್ರೆಗೆ ಹಕ್ಕಿ ಫೋಟೋ ತೆಗೆಯಲು ಹೋಗುತ್ತೇನೆ. ಒಂದು ವಾರ ಹೊಳೆಯ ಕೆಸರಲ್ಲಿ ಬೇಕಾದಷ್ಟು ಬೆಳ್ಳಕ್ಕಿ, ಮುಂದಿನ ವಾರ ಒಂದೂ ಇಲ್ಲ. ಸಿಕ್ಕ ದಿನವೂ ರೆಕ್ಕೆ ಸುಣ್ಣ ಬಳಿದ ಹಾಗೆ ಬರುತ್ತದೆ. ಗೆಳೆಯರು ದೊಡ್ಡ ಲೆನ್ಸ್ ತಗೋ ಅನ್ನುತ್ತಾರೆ. ತಗೊಳ್ಳಲೇ?
— ಓದುಗರೊಬ್ಬರು, ಮಣಿಪಾಲ

ಉತ್ತರ: ಸದ್ಯಕ್ಕೆ ಬೇಡ. ಮೊದಲು ಕಡಲಿನ ಇಳಿತದ ಸಮಯ ನೋಡಿಕೊಳ್ಳಿ.

ನೀರು ಇಳಿದಾಗಲೇ ಕೆಸರು ಕಾಣುವುದು, ಸಿಗಡಿ, ಸಣ್ಣ ಮೀನು ಕೊಕ್ಕಿಗೆ ಎಟುಕುವುದು. ಈ ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ವಾರಕ್ಕೆ ಹೆಚ್ಚುಕಡಿಮೆ 6 ಗಂಟೆ. ಈ ಭಾನುವಾರ ಹತ್ತಕ್ಕೆ ಇಳಿತವಿದ್ದರೆ ಮುಂದಿನ ಭಾನುವಾರ ಅದೇ ಹೊತ್ತಿಗೆ ಉಬ್ಬರ. ಅವತ್ತು ಇಳಿತ ಸಂಜೆ ನಾಲ್ಕರ ಸುಮಾರಿಗೆ. ಅಂದರೆ ಹಕ್ಕಿ ಸಿಗದೆ ನೀವು ವಾಪಸ್ ಬಂದ ದಿನವೇ ಒಳ್ಳೆಯ ದಿನ! ಸಂಜೆ ಹೋಗಬೇಕಿತ್ತು ಅಷ್ಟೇ. ಸಮಯ ಗೊತ್ತಾಗದಿದ್ದರೆ ಅಲ್ಲೇ ದೋಣಿಯವರನ್ನು ಕೇಳಿ, ಅವರಿಗೆ ಬಾಯಿಪಾಠ.

ಸಂಜೆಯೇ ಯಾಕೆ? ಬೆಂಗ್ರೆಯಲ್ಲಿ ಕಡಲು ಪಶ್ಚಿಮಕ್ಕೆ, ಹೊಳೆ ಪೂರ್ವಕ್ಕೆ. ಸಂಜೆ ಹೊಳೆಯ ಕಡೆ ಮುಖ ಮಾಡಿದರೆ ಬಿಸಿಲು ನಿಮ್ಮ ಬೆನ್ನಿಗಿರುತ್ತದೆ, ಹಕ್ಕಿಯ ಎದೆ ಮೇಲೆ ಬೀಳುತ್ತದೆ. ಹತ್ತು ಗಂಟೆಯ ಬಿಸಿಲಲ್ಲಿ ಬಿಳಿ ರೆಕ್ಕೆಯ ಎಳೆ ಉಳಿಯುವುದು ಕಷ್ಟ. ಹಕ್ಕಿಯ ಹಿಂದೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಕಪ್ಪು ಇದ್ದರೆ ಕ್ಯಾಮೆರಾ ಇನ್ನೂ ಜಾಸ್ತಿ ಬೆಳಕು ತಗೊಳ್ಳುತ್ತದೆ. ಎಕ್ಸ್‌ಪೋಶರ್, ಅಂದರೆ ಕ್ಯಾಮೆರಾ ತಗೊಳ್ಳುವ ಬೆಳಕನ್ನು, ಒಂದು ಸ್ಟಾಪ್ (ಅರ್ಧಕ್ಕೆ) ಇಳಿಸಿ ನೋಡಿ.

ಒಂದು ತೊಡಕಿದೆ. ನಮ್ಮ ಕಡೆ ಸೂರ್ಯ ಓರೆಯಾಗಿ ಜಾರುವುದಿಲ್ಲ, ಹೆಚ್ಚುಕಡಿಮೆ ನೇರ ಇಳಿಯುತ್ತಾನೆ. ಜೇನಿನ ಬಣ್ಣದ ಆ ಬೆಳಕು ಅರ್ಧ ಗಂಟೆಯೂ ನಿಲ್ಲುವುದಿಲ್ಲ. ಡಿಸೆಂಬರಿನಲ್ಲಿ ಆರು ದಾಟುತ್ತಲೇ ಮುಳುಗಿ ಆಯಿತು. ಅದಕ್ಕಿಂತ ಮುಂಚೆಯೇ ತೆಂಗಿನಮರಗಳ ನೆರಳು ಈಚೆ ದಡವನ್ನು ನುಂಗುತ್ತದೆ. ದಡದ ಹಕ್ಕಿ ಬಿಡಿ, ನೆರಳಿನಾಚೆ ಬಿಸಿಲಲ್ಲಿ ನಿಂತದ್ದನ್ನು ನೋಡಿ.

ನಾಲ್ಕಕ್ಕೇ ಹೋಗಿ ಕೂತುಬಿಡಿ. ನಾನಂತೂ ತೆಂಗಿನ ಬುಡದಲ್ಲೇ ಕೂರುವುದು, ತಲೆ ಮೇಲೆ ಒಣಕಾಯಿ ಇಲ್ಲ ಅಂತ ನೋಡಿಕೊಂಡು. ನೀವು ಬಂದಾಗ ಹಕ್ಕಿ ಹಾರಿಯೇ ಹಾರುತ್ತದೆ. ಬೆನ್ನಟ್ಟಬೇಡಿ. ಅಲ್ಲಾಡದೆ ಕೂತರೆ ನೀರಿನ ಅಂಚು ಹಿಡಿದು ಮೇಯುತ್ತಾ ಅದೇ ಹತ್ತಿರ ಬರುತ್ತದೆ. ಅದು ಕತ್ತು ಚಾಚಿ ಒಂದು ಕಾಲು ಎತ್ತಿದರೆ ಬೆರಳು ಬಟನ್ ಮೇಲಿರಲಿ, ಮೀನು ಕಂಡಿದೆ ಅಂತ ಲೆಕ್ಕ.

ಇಷ್ಟಾದರೂ ಹಕ್ಕಿ ತೀರಾ ಚಿಕ್ಕದಾಗಿ ಬಂದರೆ ಲೆನ್ಸಿನ ಮಾತಾಡೋಣ. ಬಜೆಟ್ ಎಷ್ಟು ಅಂತ ಬರೆಯಿರಿ.