ಮೊದಲು ಆ ಮರಿಯನ್ನು ತೋರಿಸಿ

ನಮಸ್ಕಾರ,

ಅಮೆರಿಕದ ಅಲಾಸ್ಕಾ ರಾಜ್ಯದ ಆರ್ಕ್ಟಿಕ್ ವನ್ಯಜೀವಿ ಧಾಮದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ.

ಮೂರು ಪುಟದಲ್ಲಿ ‘ಉಳಿಸಬೇಕು’ ಅನ್ನುವ ಮಾತು ಹನ್ನೊಂದು ಸಲ ಬಂದಿದೆ. ಏನನ್ನು ಅನ್ನುವುದು ಮಾತ್ರ ಕಣ್ಣಿಗೆ ಕಟ್ಟಲಿಲ್ಲ. ‘ಹಿಮದ ಸ್ವರ್ಗ’, ‘ಪ್ರಕೃತಿ ಮಾತೆಯ ಮಡಿಲು’ ಅಂತ ಯಾವ ಬೆಟ್ಟದ ಬಗ್ಗೆ ಬೇಕಾದರೂ ಬರೆಯಬಹುದು, ಅಲ್ವಾ?

ನಾಲ್ಕನೇ ಪ್ಯಾರಾದಲ್ಲಿ ಒಂದು ಸಾಲಿದೆ: ‘ಕ್ಯಾರಿಬೂಗಳು ಮರಿ ಹಾಕಲು ಕರಾವಳಿಗೆ ಬರುತ್ತವೆ.’ ನಿಮ್ಮ ಲೇಖನ ಇರುವುದೇ ಅಲ್ಲಿ. ಆ ಹಿಮಸಾರಂಗಗಳು ಯಾಕೆ ಬರುತ್ತವೆ? ಬ್ರೂಕ್ಸ್ ಬೆಟ್ಟಸಾಲಿಗೂ ಸಮುದ್ರಕ್ಕೂ ನಡುವೆ ಇರುವುದು ಒಂದು ಕಿರಿದಾದ ಬಯಲು. ತೋಳಗಳು ಜಾಸ್ತಿ ಇರುವುದು ಬೆಟ್ಟದ ಕಡೆ. ಬಯಲಲ್ಲಿ ಜೂನ್ ಹೊತ್ತಿಗೆ ಎಳೆ ಚಿಗುರು. ಸೊಳ್ಳೆ ಎದ್ದಾಗ ಓಡಿಸಲು ಕಡಲ ಗಾಳಿ. ಹುಟ್ಟಿದ ದಿನವೇ ತಾಯಿಯ ಹಿಂದೆ ನಡೆಯುವ ಮರಿ. ಆ ತಾಯಿಯ ತಲೆ ಮೇಲೆ ಇನ್ನೂ ಉದುರದ ಹಳೆ ಕೊಂಬು. ಹೆಜ್ಜೆ ಇಟ್ಟಾಗಲೆಲ್ಲ ಪಾದದ ಮೂಳೆ ಮೇಲೆ ಸ್ನಾಯುರಜ್ಜು ಜಾರಿ ಟಕ್ ಟಕ್ ಸದ್ದು. ಇದನ್ನು ಬರೆಯಿರಿ.

‘ರಸ್ತೆಯೂ ಇಲ್ಲದ ಜಾಗ’ ಅಂತ ಕೊರತೆಯ ಹಾಗೆ ಹೇಳಿದ್ದೀರಿ. ರಸ್ತೆ ಇಲ್ಲದ್ದರಿಂದಲೇ ಅದು ಉಳಿದಿದೆ. ಪಶ್ಚಿಮಕ್ಕಿರುವ ಪ್ರುಡೋ ಬೇ ಎಣ್ಣೆ ಪ್ರದೇಶದಲ್ಲಿ, ಮರಿ ಇರುವ ಕ್ಯಾರಿಬೂಗಳು ರಸ್ತೆ, ಪೈಪುಗಳಿಂದ ದೂರ ಸರಿದದ್ದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಧಾಮದ ಬಯಲಲ್ಲಿ ದೂರ ಸರಿಯಲು ಜಾಗವೆಲ್ಲಿ? ಹಿಂದೆ ಬೆಟ್ಟ, ಮುಂದೆ ಸಮುದ್ರ. ಸುಮಾರು 15 ಲಕ್ಷ ಎಕರೆಯ ಈ ಬಯಲನ್ನೇ 2017ರ ಕಾನೂನು ಎಣ್ಣೆ ಗುತ್ತಿಗೆಗೆ ತೆರೆದದ್ದು.

‘ಮನುಷ್ಯರ ಸುಳಿವಿಲ್ಲದ ನಾಡು’ ಅನ್ನುವುದನ್ನು ದಯವಿಟ್ಟು ತೆಗೆಯಿರಿ. ಈ ಮಾತು ನನಗೆ ನೋವು ತಂದಿತು. ಅಲ್ಲಿನ ಮೂಲನಿವಾಸಿಗಳಾದ ಗ್ವಿಚಿನ್ ಜನ ತಲೆಮಾರುಗಳಿಂದ ಈ ಕ್ಯಾರಿಬೂಗಳನ್ನೇ ನಂಬಿ ಬದುಕಿದವರು. ಆ ಬಯಲನ್ನು ಅವರು ‘ಬದುಕು ಶುರುವಾಗುವ ಪವಿತ್ರ ಜಾಗ’ ಅನ್ನುತ್ತಾರೆ. ಹಸಿವಿನ ವರ್ಷಗಳಲ್ಲೂ ಹಿರಿಯರು ಅಲ್ಲಿಗೆ ಕಾಲಿಡುತ್ತಿರಲಿಲ್ಲವಂತೆ. ಕರಾವಳಿಯ ಕಾಕ್ಟೋವಿಕ್ ಊರಿನ ಇನ್ನೊಂದು ಮೂಲನಿವಾಸಿ ಸಮುದಾಯವಾದ ಇನ್ಯುಪಿಯಾಟ್ ಜನರಲ್ಲಿ ಹಲವರು ಎಣ್ಣೆ ತೆಗೆಯಲಿ ಅನ್ನುತ್ತಾರೆ. ಅವರಿಗೂ ಶಾಲೆ, ಆಸ್ಪತ್ರೆ ಬೇಕು. ಅದನ್ನೂ ಮುಚ್ಚಿಡದೆ ಬರೆಯಿರಿ.

ಇನ್ನೆರಡು ತಿದ್ದುಪಡಿ. ಧಾಮ ಶುರುವಾದದ್ದು 1960ರಲ್ಲಿ, 1980ರಲ್ಲಿ ಆದದ್ದು ವಿಸ್ತರಣೆ. ಪೆಂಗ್ವಿನ್‌ಗಳು ಅಲ್ಲಿಲ್ಲ.

ಮರಿಯಿಂದ ಶುರುಮಾಡಿ, ಎರಡು ಪುಟದೊಳಗೆ ಮತ್ತೆ ಕಳಿಸಿ. ಬಂದ ದಿನವೇ ಓದುತ್ತೇನೆ. ಶೀರ್ಷಿಕೆ ಆಮೇಲೆ ನೋಡೋಣ.

ಇಂತಿ,
ಸಂಪಾದಕ