ಡ್ಯಾಶಿಯಲ್ ಹ್ಯಾಮೆಟ್ ನಿಜಕ್ಕೂ ಪತ್ತೇದಾರರಾಗಿದ್ದರಾ? ಅವರ ಯಾವ ಪುಸ್ತಕ ಮೊದಲು ಓದಬೇಕು?

ಹೌದು, ಆಗಿದ್ದರು. 1894ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಹುಟ್ಟಿದ ಪತ್ತೇದಾರಿ ಕಾದಂಬರಿಕಾರ ಹ್ಯಾಮೆಟ್ ಚಿಕ್ಕ ವಯಸ್ಸಿಗೇ ಶಾಲೆ ಬಿಟ್ಟು ದುಡಿಯೋಕೆ ನಿಂತವರು. 1915ರಲ್ಲಿ ಪಿಂಕರ್ಟನ್ ಅನ್ನೋ ಖಾಸಗಿ ಪತ್ತೇದಾರಿ ಸಂಸ್ಥೆ ಸೇರಿದರು. ಯಾರದ್ದೋ ಬೆನ್ನು ಹತ್ತಿ ಹೋಗೋದು, ಕಂಡದ್ದನ್ನು ವರದಿ ಬರೆದು ಒಪ್ಪಿಸೋದು, ಇದೇ ಕೆಲಸ. ಆಮೇಲೆ ಕ್ಷಯರೋಗ ಬಂತು, ಓಡಾಟ ಕೈಲಾಗಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೂತು 'ಬ್ಲ್ಯಾಕ್ ಮಾಸ್ಕ್' ಅನ್ನೋ ಅಗ್ಗದ ಪತ್ರಿಕೆಗೆ ಕಥೆ ಬರೆಯೋಕೆ ಶುರು ಮಾಡಿದರು.

ಮೊದಲು 1930ರ 'ದ ಮಾಲ್ಟೀಸ್ ಫಾಲ್ಕನ್' ಓದಿ. ಅದರ ಎರಡನೇ ಅಧ್ಯಾಯ ನನಗೆ ತುಂಬಾ ಇಷ್ಟ. ಕತ್ತಲಲ್ಲಿ ಫೋನ್ ಹೊಡೆದುಕೊಳ್ಳುತ್ತೆ. ಗಡಿಯಾರದಲ್ಲಿ ಎರಡು ಗಂಟೆ ಐದು ನಿಮಿಷ. ಕಥೆಯ ಪತ್ತೇದಾರ ಸ್ಯಾಮ್ ಸ್ಪೇಡ್‌ಗೆ ತನ್ನ ಜೊತೆಗಾರ ಸತ್ತ ಸುದ್ದಿ. ಸ್ಪೇಡ್ ಅಳಲ್ಲ, ಕೂಗಾಡಲ್ಲ. ಹಾಸಿಗೆ ಮೇಲೆ ಕೂತು, ದಪ್ಪ ಬೆರಳಲ್ಲಿ ಕಾಗದ ಹಿಡಿದು, ತಂಬಾಕು ಉದುರಿಸಿ, ಒಂದು ಸಿಗರೇಟ್ ಸುತ್ತುತ್ತಾನೆ. ಅದನ್ನೇ ಹ್ಯಾಮೆಟ್ ನಿಧಾನವಾಗಿ, ಒಂದೊಂದು ಚಲನೆಯನ್ನೂ ಬಿಡದೆ ಬರೆಯುತ್ತಾರೆ. ಅವನಿಗೆ ದುಃಖವಾಯ್ತಾ ಇಲ್ವಾ ಅಂತ ಎಲ್ಲೂ ಹೇಳಲ್ಲ. ಇಡೀ ಕಾದಂಬರಿಯಲ್ಲಿ ಯಾರ ಮನಸ್ಸಿನೊಳಕ್ಕೂ ಇಣುಕಲ್ಲ. ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು, ಅಷ್ಟೇ. ವರದಿ ಬರೆದ ಕೈ ಅದು ಅಂತ ನನಗೆ ಅನಿಸೋದು ಇಲ್ಲೇ.

ಅದಾದ ಮೇಲೆ 1929ರ 'ರೆಡ್ ಹಾರ್ವೆಸ್ಟ್'. ಗಣಿ ಊರೊಂದರ ಯಜಮಾನ ಕೂಲಿಗಳ ಮುಷ್ಕರ ಮುರಿಯೋಕೆ ಗೂಂಡಾಗಳನ್ನು ಕರೆಸುತ್ತಾನೆ. ಮುಷ್ಕರ ಮುರಿಯುತ್ತೆ, ಆದರೆ ಗೂಂಡಾಗಳು ಊರು ಬಿಟ್ಟು ಹೋಗಲ್ಲ. ಪಿಂಕರ್ಟನ್‌ನವರೂ ಮುಷ್ಕರ ಮುರಿಯೋ ಕೆಲಸ ಮಾಡುತ್ತಿದ್ದರು ಅನ್ನೋದು ತಲೆಯಲ್ಲಿದ್ದರೆ ಈ ಕಥೆ ಇನ್ನೂ ಜೋರಾಗಿ ತಟ್ಟುತ್ತೆ.

ಬರೆದದ್ದು ಐದೇ ಕಾದಂಬರಿ. 1934ರ 'ದ ಥಿನ್ ಮ್ಯಾನ್' ಕೊನೆಯದು. ಅವರು ತೀರಿಕೊಂಡದ್ದು 1961ರಲ್ಲಿ, ಆದರೆ ನಡುವೆ ಇನ್ನೊಂದು ಕಾದಂಬರಿ ಬರಲೇ ಇಲ್ಲ. ಹಾಗಂತ ಸುಮ್ನೆ ಕೂತಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ, 48ರ ವಯಸ್ಸಲ್ಲಿ, ಸೇನೆ ಸೇರಿ ಅಲಾಸ್ಕಾ ಕಡೆಯ ಏಡಾಕ್ ದ್ವೀಪದಲ್ಲಿ ಸೈನಿಕರ ಪತ್ರಿಕೆ ನಡೆಸಿದರು. 1951ರಲ್ಲಿ ಕಮ್ಯುನಿಸ್ಟ್ ನಾಯಕರ ಜಾಮೀನಿಗೆ ಹಣ ಕೊಟ್ಟವರ ಹೆಸರು ಹೇಳಿ ಅಂತ ಕೋರ್ಟ್ ಕೇಳಿತು. ಆ ಜಾಮೀನು ನಿಧಿಯ ಟ್ರಸ್ಟಿಗಳಲ್ಲಿ ಇವರೂ ಒಬ್ಬರು. ಬಾಯಿ ಬಿಡಲಿಲ್ಲ, ಜೈಲಿಗೆ ಹೋದರು. ನನಗೆ ಅವರ ಮೇಲೆ ಗೌರವ ಜಾಸ್ತಿಯಾದದ್ದು ಇದನ್ನು ತಿಳಿದ ಮೇಲೆ.

'ಮಾಲ್ಟೀಸ್ ಫಾಲ್ಕನ್' 1941ರಲ್ಲಿ ಸಿನಿಮಾ ಆಗಿದೆ, ಹಂಫ್ರಿ ಬೋಗಾರ್ಟ್ ಸ್ಪೇಡ್ ಆಗಿದ್ದಾರೆ. ಚೆನ್ನಾಗಿದೆ, ಆದರೆ ಪುಸ್ತಕ ಮುಗಿಸಿ ಆಮೇಲೆ ನೋಡಿ.